ಕಂಡಕ್ಟರನ ಮಗಳು ಬಸ್ಸು ತಪ್ಪಿಸಿಕೊಂಡದ್ದು

ಮೂವತ್ತೊಂದನೆಯ ವಯಸ್ಸಿನವರೆಗೆ ನಾನು ಒಂದೇ ಒಂದು ಬಸ್ಸನ್ನೂ ತಪ್ಪಿಸಿಕೊಂಡವಳಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಯಾಕೆಂದರೆ ಇದರಲ್ಲಿ ನನ್ನ ಸಮಯಪ್ರಜ್ಞೆಯ ಪಾಲು ಏನೇನೂ ಇಲ್ಲ. ನಮ್ಮಪ್ಪ ಪಾಲಯ್ಯ ಚಳ್ಳಕೆರೆಗೂ ಮೊಳಕಾಲ್ಮುರಿಗೂ ಓಡಾಡುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ನಾನು ತಡ ಮಾಡಿದರೆ ಬಸ್ಸೇ ತಡವಾಗುತ್ತಿತ್ತು. ಎರಡನೆಯ ಜಡೆ ಹೆಣೆದಾಗಿಲ್ಲ ಅಂತ ಅವ್ವ ಬಾಗಿಲಿಂದ ಕೈ ಆಡಿಸಿದರೆ ಸಾಕು, ಎಣ್ಣೆ ಮಿಲ್ಲಿನ ತಿರುವಿನಲ್ಲಿ ಬಸ್ಸು ನಿಂತುಕೊಂಡು ಗುರುಗುಟ್ಟುತ್ತಿತ್ತು. ಒಳಗಿದ್ದವರು ಶೇಂಗಾ ಸುಲಿದು ತಿನ್ನುತ್ತ ನನ್ನ ಜಡೆ ಮುಗಿಯುವುದನ್ನು ಕಾಯುತ್ತಿದ್ದರು.

ನನಗೊಬ್ಬಳಿಗೇ ಈ ಸೌಲಭ್ಯ ಅಂದುಕೊಳ್ಳಬೇಡಿ. ತಳಕಿನಲ್ಲಿ ಒಬ್ಬ ಅಜ್ಜಿಯಿದ್ದಳು. ಅವಳು ಬಸ್ಸಿಗೆ ಬರುವ ಮುನ್ನ ಅವಳ ಕೋಳಿಗಳೆಲ್ಲ ಬುಟ್ಟಿಯೊಳಗೆ ಹೋಗಬೇಕಿತ್ತು. ಕೋಳಿಗಳಿಗೆ ಬಸ್ಸಿನ ವೇಳೆ ಗೊತ್ತಿಲ್ಲವಲ್ಲ. ಅಪ್ಪ ಫುಟ್‌ಬೋರ್ಡಿನ ಮೇಲೆ ನಿಂತು "ಬರ್ತೈತೆ ಬರ್ತೈತೆ, ಇನ್ನೊಂದೇ ಕೋಳಿ" ಅಂತ ಬಸ್ಸಿನವರಿಗೆ ವರದಿ ಕೊಡುತ್ತಿದ್ದರು. ಹಾನಗಲ್ಲಿನ ಹತ್ತಿರ ಒಬ್ಬ ಮೇಷ್ಟ್ರು ಅರ್ಧ ಕುಡಿದ ಚಹಾವನ್ನು ಲೋಟದ ಸಮೇತ ತಂದು ಹತ್ತುತ್ತಿದ್ದರು. ಲೋಟ ಸಂಜೆ ಅದೇ ಬಸ್ಸಿನಲ್ಲಿ ಹೋಟೆಲಿಗೆ ವಾಪಸು ಹೋಗುತ್ತಿತ್ತು.

ಇದಕ್ಕೆಲ್ಲ ನಮ್ಮ ಭಾಷೆಯ ಕುಮ್ಮಕ್ಕೂ ಇದೆ ಅಂತ ನನ್ನ ಅನುಮಾನ. ಇನ್ನೂ ಮನೆಯೊಳಗೆ ಚಪ್ಪಲಿ ಹುಡುಕುತ್ತಿರುವವನು "ಬಂದೆ, ಬಂದೆ" ಅಂತ ಕೂಗುತ್ತಾನೆ. ವ್ಯಾಕರಣದ ಪ್ರಕಾರ ಇದು ಭೂತಕಾಲ. ಅಂದರೆ ಆಸಾಮಿ ಬಂದಾಗಿದೆ, ನಾವು ಕಾಯುತ್ತಿರುವುದೇ ಸುಳ್ಳು. ಇನ್ನು ಎದ್ದು ಹೊರಟವನು "ಹೋಗ್ತೀನಿ" ಅನ್ನುವ ಬದಲು "ಬರ್ತೀನಿ" ಅನ್ನುತ್ತಾನೆ. ಬಾರದವನು ಬಂದೆ ಅನ್ನುವ, ಹೋಗುವವನು ಬರ್ತೀನಿ ಅನ್ನುವ ಭಾಷೆಯನ್ನು ಎದೆಹಾಲಿನ ಜೊತೆ ಕುಡಿದವಳು ನಾನು. ಇಂಥವಳನ್ನು ಇಂಗ್ಲೆಂಡಿಗೆ ಓದಲು ಕಳಿಸಿದರೆ ಏನಾಗಬೇಕೋ ಅದೇ ಆಯಿತು.

ಚಳ್ಳಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡಿದ್ದವಳಿಗೆ ವಿದ್ಯಾರ್ಥಿವೇತನವೊಂದು ಸಿಕ್ಕಿತು. ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ಒಂದು ವರ್ಷ ಖಾದ್ಯತೈಲಗಳ ಬಗ್ಗೆ ಓದುವುದು. ಶೇಂಗಾ ಎಣ್ಣೆಗೆ ಕಮಟು ವಾಸನೆ ಯಾಕೆ ಬರುತ್ತದೆ ಎನ್ನುವುದು ನನ್ನ ವಿಷಯ. "ಅದನ್ನ ತಿಳಿಯಾಕೆ ಅಷ್ಟು ದೂರ ಯಾಕವ್ವ? ಡಬ್ಬಿ ಮುಚ್ಚಳ ಸರಿಯಾಗಿ ಹಾಕಿರಲ್ಲ, ಅದ್ಕೇ ಬರ್ತೈತೆ" ಎಂದು ಅಪ್ಪ ಹೊರಡುವ ದಿನವೇ ನನ್ನ ಪ್ರಬಂಧದ ಮುಕ್ಕಾಲು ಭಾಗ ಹೇಳಿಬಿಟ್ಟಿದ್ದರು.

ಅಲ್ಲಿಯ ಅರ್ಜಿಗಳಲ್ಲಿ ಮನೆತನದ ಹೆಸರು ಕೇಳುತ್ತಿದ್ದರು. ನಮಗೆ ಅದೆಲ್ಲಿಂದ ಬರಬೇಕು? ಅಪ್ಪನ ಹೆಸರು ಬರೆದೆ. ಅಂದಿನಿಂದ ಎಲ್ಲರಿಗೂ ನಾನು ಮಿಸ್ ಪಾಲಯ್ಯ. ಒಂದು ವರ್ಷ ನಮ್ಮಪ್ಪನಾಗಿಯೇ ಬದುಕಿದೆ.

ಅಲ್ಲಿನ ಜನಕ್ಕೆ ನಿಯಮಗಳ ಮೇಲೆ ಇರುವ ಪ್ರೀತಿ ಕಂಡು ಮೊದಮೊದಲು ನಗು ಬರುತ್ತಿತ್ತು. ಹಾಸ್ಟೆಲಿನ ಅಡುಗೆಮನೆಯ ಗೋಡೆಗಳು ನೋಟಿಸುಗಳಿಂದ ತುಂಬಿಹೋಗಿದ್ದವು. ಚಮಚ ತೊಳೆದಿಡಿ, ಕಿಟಕಿ ತೆರೆದಿಡಿ, ಫ್ರಿಜ್ ತೆರೆದಿಡಬೇಡಿ, ನಿಮ್ಮದಲ್ಲದ ಹಾಲು ಕುಡಿಯಬೇಡಿ. ಒಂದು ನೋಟಿಸಂತೂ ಬೇರೆ ನೋಟಿಸುಗಳನ್ನು ಕೀಳಬಾರದು ಎನ್ನುವುದಕ್ಕಾಗಿಯೇ ಇತ್ತು. ರಸ್ತೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಸೈಕಲ್ಲೂ ಇಲ್ಲದಿದ್ದರೂ ಜನ ಹಸಿರು ದೀಪಕ್ಕೆ ಕಾಯುತ್ತ ನಿಂತಿರುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ಚಳ್ಳಕೆರೆಯ ನೆಹರೂ ಸರ್ಕಲ್ಲಿನಲ್ಲಿ ಲಾರಿ, ಆಟೋ, ಕುರಿಮಂದೆಗಳ ನಡುವೆ ಕೈ ಅಡ್ಡ ಹಿಡಿದು ದಾಟಿ ಬೆಳೆದವಳು ಹೀಗೆ ಖಾಲಿ ರಸ್ತೆಗೆ ಮರ್ಯಾದೆ ಕೊಡುತ್ತ ನಿಂತಿರುವುದನ್ನು ಊರಿನವರು ಯಾರೂ ನೋಡದಿರಲಿ ಅಂತ ಪ್ರಾರ್ಥಿಸುತ್ತಿದ್ದೆ.

ನಗು ನಿಂತದ್ದು ಜನವರಿಯ ಒಂದು ಬೆಳಿಗ್ಗೆ.

ಅವತ್ತು ಪ್ರಯೋಗಾಲಯದ ಪರೀಕ್ಷೆ. ಒಂಬತ್ತೂವರೆಗೆ ಶುರು. ಎಂಟು ನಲವತ್ತೆರಡರ ಬಸ್ಸು ಹಿಡಿದರೆ ಆರಾಮವಾಗಿ ತಲುಪಬಹುದು. ನನ್ನ ಫೋನಿನಲ್ಲಿ ಎಂಟು ನಲವತ್ತೊಂದು ಆಗಿದ್ದಾಗ ನಾನು ಸ್ಟಾಪಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಬಸ್ಸು ನಿಂತಿತ್ತು. ಓಡಿದೆ. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಮೇಲೆ ಬಡಿದೆ. ಡ್ರೈವರ್ ನನ್ನ ಕಡೆ ತಿರುಗಿದ. ನಮ್ಮಿಬ್ಬರ ನಡುವೆ ಬರೀ ಒಂದು ಗಾಜು. ಅವನು ತಲೆಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ಆಡಿಸಿ ಬಸ್ಸು ಬಿಟ್ಟುಕೊಂಡು ಹೋದ. ಬಸ್ಸು ತಪ್ಪಿಸಿಕೊಂಡು ಅಭ್ಯಾಸವಿಲ್ಲದವಳಿಗೆ ಮುಂದೇನು ಮಾಡಬೇಕೆಂದೇ ತಿಳಿಯಲಿಲ್ಲ. ತಮಾಷೆ ಮಾಡುತ್ತಿದ್ದಾನೆ, ತಿರುವಿನಲ್ಲಿ ನಿಲ್ಲಿಸುತ್ತಾನೆ ಅಂತ ಇನ್ನೂ ಸ್ವಲ್ಪ ದೂರ ಹಿಂದೆಯೇ ಓಡಿದೆ. ತಿರುವಿನಲ್ಲಿ ಅವನು ಇನ್ನಷ್ಟು ಜೋರಾಗಿ ಹೋದ.

ಮುಂದಿನ ಬಸ್ಸು ಅರ್ಧ ಗಂಟೆಯ ನಂತರ. ಮಳೆಗೆ ಮಂಜು ಬೆರೆಸಿ ಚೆಲ್ಲಿದಂಥ ಹವೆ. ನಡೆದು, ಓಡಿ, ಮತ್ತೆ ನಡೆದು ಪ್ರಯೋಗಾಲಯದ ಮುಂದೆ ನಿಂತಾಗ ಒಂಬತ್ತು ಮೂವತ್ತಮೂರು. ಗಾಜಿನ ಬಾಗಿಲಾಚೆ ಪರೀಕ್ಷೆಯ ಉಸ್ತುವಾರಿಯ ಮಿಸೆಸ್ ಡಾಸನ್ ನಿಂತಿದ್ದರು. ಐವತ್ತೈದು ದಾಟಿದ, ಎತ್ತರದ, ಇಸ್ತ್ರಿ ಮಾಡಿದ ಹಾಗಿದ್ದ ಹೆಂಗಸು. ಬಾಗಿಲನ್ನು ಒಂದು ಗೇಣು ತೆರೆದು ಹೇಳಿದರು.

"ಸುರಕ್ಷತೆಯ ಸೂಚನೆ ಓದಿಯಾಯಿತು, ಮಿಸ್ ಪಾಲಯ್ಯ. ಅದನ್ನು ಕೇಳದವರನ್ನು ಒಳಗೆ ಬಿಡುವಂತಿಲ್ಲ."

"ಮೂರೇ ನಿಮಿಷ. ಬಸ್ಸು ಬೇಗ ಹೊರಟುಬಿಟ್ಟಿತು. ದಯವಿಟ್ಟು."

"ನಿಮ್ಮ ದೇಶದಲ್ಲಿ ಇದು ನಡೆಯಬಹುದು. ಇಲ್ಲಿ ನಡೆಯುವುದಿಲ್ಲ."

ಬಾಗಿಲು ಮುಚ್ಚಿತು. ಕಾರಿಡಾರಿನ ಗೋಡೆಗೆ ಒರಗಿ ಉಸಿರು ಸುಧಾರಿಸಿಕೊಳ್ಳುತ್ತಿದ್ದೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಮತ್ತೆ ಬಾಗಿಲು ತೆರೆದರು. ಮನಸ್ಸು ಬದಲಾಯಿಸಿದರು ಅಂದುಕೊಂಡೆ.

"ಪರೀಕ್ಷೆ ನಡೆಯುವಾಗ ಕಾರಿಡಾರ್ ಖಾಲಿ ಇರಬೇಕು. ನೀವು ಹೊರಗೆ ಹೋಗಬೇಕಾಗುತ್ತದೆ."

ಹೊರಗೆ ಅಂದರೆ ಆ ಮಳೆಗೆ. ಹೋದೆ.

ಆ ಪರೀಕ್ಷೆ ಕೈತಪ್ಪಿದರೆ ಆ ವಿಷಯದಲ್ಲಿ ಸೊನ್ನೆ. ಸೊನ್ನೆ ಬಂದರೆ ವಿದ್ಯಾರ್ಥಿವೇತನ ರದ್ದು, ಊರಿಗೆ ವಾಪಸು. ಒಪ್ಪತಕ್ಕ ಕಾರಣವಿದ್ದರೆ ಮಾತ್ರ ಮತ್ತೆ ಬರೆಯಲು ಬಿಡುತ್ತಾರೆ. ಅದಕ್ಕೊಂದು ಅರ್ಜಿ, ಅರ್ಜಿಯೊಳಗೆ ಕಾರಣಗಳ ಪಟ್ಟಿ: ಕಾಯಿಲೆ, ಹತ್ತಿರದವರ ಸಾವು, ಕಳ್ಳತನ, ನ್ಯಾಯಾಲಯದ ಕರೆ. ಡ್ರೈವರ್ ನನ್ನ ಮುಖ ನೋಡಿಯೂ ಹೊರಟುಹೋದ ಎನ್ನುವುದಕ್ಕೆ ಆ ಪಟ್ಟಿಯಲ್ಲಿ ಮನೆ ಇರಲಿಲ್ಲ.

ನನ್ನ ಸಹಪಾಠಿ ಗ್ರೇಸ್ ನೈಜೀರಿಯಾದವಳು, ವ್ಯವಹಾರ ಬಲ್ಲವಳು. "ನಿನ್ನ ಅಜ್ಜಿ ತೀರಿಕೊಂಡರು ಅಂತ ಬರಿ. ಯಾರೂ ಚಿತ್ರದುರ್ಗಕ್ಕೆ ಹೋಗಿ ನೋಡುವುದಿಲ್ಲ" ಎಂದಳು. ನನ್ನ ಅಜ್ಜಿ ಆಗ ನನ್ನಿವಾಳದಲ್ಲಿ ಗಟ್ಟಿಮುಟ್ಟಾಗಿ ರಾಗಿ ಕೇರುತ್ತಿದ್ದಳು. ಸಾಯಿಸಬಾರದೆಂದೇನಿಲ್ಲ, ಹೈಸ್ಕೂಲಿನಲ್ಲಿ ರಜಾಚೀಟಿಗಾಗಿ ಎರಡು ಸಲ ಸಾಯಿಸಿದ್ದೆ. ಎರಡನೆಯ ಸಲ ಶಾಲೆಯ ಗೇಟಿಗೇ ಬಂದು "ನಮ್ ಹುಡುಗಿ ಬುತ್ತಿ ಮರ್ತಾಳೆ" ಅಂತ ಆಕೆ ಹೆಡ್ ಮೇಷ್ಟ್ರ ಕೈಗೆ ಬುತ್ತಿ ಕೊಟ್ಟಿದ್ದಳು. ಮೂರನೆಯ ಸಲಕ್ಕೆ ನನ್ನ ಕೈ ಏಳಲಿಲ್ಲ.

ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದೆ. ಚಳ್ಳಕೆರೆಯಲ್ಲಿ ಆಗ ಸಂಜೆ, ಬಸ್ಸು ಶೆಡ್ಡಿಗೆ ಬಂದ ಹೊತ್ತು. ಅತ್ತುಕೊಂಡೇ ಎಲ್ಲ ಹೇಳಿದೆ. ಬಸ್ಸಿನ ವಿಷಯದಲ್ಲಾದರೂ ಅಪ್ಪ ಸಿಡಿದೇಳುತ್ತಾರೆ, ಆ ಡ್ರೈವರನ ವಂಶವನ್ನೆಲ್ಲ ಜಾಲಾಡುತ್ತಾರೆ ಅಂತ ಕಾದೆ. ಅಪ್ಪ ಕೆಮ್ಮಿದರು.

"ನೀನು ಓಡಿ ಬರೋವಾಗ ಅವ್ನು ಬಾಗ್ಲಾ ಹಾಕಿದ್ನಾ, ಹಾಕಿರ್ಲಿಲ್ವಾ?"

"ಹಾಕಿದ್ನಪ್ಪ. ಆದ್ರೆ ನನ್ನ ನೋಡಿದ."

"ಹಾಕಿದ್ಮ್ಯಾಲೆ ಮುಗೀತು ಬಿಡವ್ವ. ಅವ್ನದೇನೂ ತಪ್ಪಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಕೋಳಿಗೆಲ್ಲ ಬಸ್ ನಿಲ್ಲಿಸ್ತೀಯಾ, ನನಗೆ ನಿಲ್ಲಿಸ್ದೆ ಹೋದೋನ್ದು ತಪ್ಪಿಲ್ಲ ಅಂತೀಯಾ!"

ಆಗ ಅಪ್ಪ, ನನಗೆ ಯಾವತ್ತೂ ಹೇಳದಿದ್ದ ಒಂದು ಸಂಗತಿ ಹೇಳಿದರು. ನಾನು ಆಗ ಎರಡನೆಯ ತರಗತಿಯಲ್ಲಿದ್ದೆನಂತೆ. ಒಂದು ಬೆಳಿಗ್ಗೆ ಮೊಳಕಾಲ್ಮುರಿನಿಂದ ಬರುವಾಗ ಬಿ.ಜಿ. ಕೆರೆಯಲ್ಲಿ ಪರಿಚಯದವರೊಬ್ಬರ ಮದುವೆಯ ದಿಬ್ಬಣ ಹತ್ತಬೇಕಿತ್ತು. ಅವರ ಊಟ ಮುಗಿದಿರಲಿಲ್ಲ. ಅಪ್ಪ ಬಸ್ಸು ನಿಲ್ಲಿಸಿಕೊಂಡರು. ಬಸ್ಸಿನಲ್ಲಿ ಸೀರೆ ನೇಯುವವರ ಮನೆಯ ಒಂದು ಹುಡುಗಿ ಇದ್ದಳು, ಮಡಿಲಲ್ಲಿ ಫೈಲು. ನರ್ಸಿಂಗ್ ಸೀಟಿಗೆ ಚಿತ್ರದುರ್ಗದಲ್ಲಿ ಸಂದರ್ಶನ. ಚಳ್ಳಕೆರೆಯಲ್ಲಿ ಬೇರೆ ಬಸ್ಸು ಹಿಡಿಯಬೇಕು. ಎರಡು ಸಲ ಎದ್ದು ಬಂದು, "ಅನ್ನಾ, ಟೈಮ್ ಅಯಿಪೋತಾ ಉಂದಿ" ಅಂತ ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು, ಹೊತ್ತಾಗುತ್ತಿದೆ ಅಂತ. ಅಪ್ಪ ನಕ್ಕು, "ಏನಾಗಲ್ಲ, ಕೂತ್ಕಳಮ್ಮ" ಅಂದರು. ದಿಬ್ಬಣ ಹತ್ತಿತು. ಚಳ್ಳಕೆರೆ ತಲುಪುವಾಗ ಚಿತ್ರದುರ್ಗದ ಬಸ್ಸು ಹೋಗಿಬಿಟ್ಟಿತ್ತು.

"ಸಂಜೆ ಅದೇ ನಮ್ ಬಸ್ಸಿಗೇ ಬಂದ್ಲು ಕಣವ್ವ. ಏನೂ ಅನ್ಲಿಲ್ಲ. ಬೈದಿದ್ರೆ ಚೆಂದಾಗಿರ್ತಿತ್ತು. ಸುಮ್ಕೆ ಟಿಕೆಟ್ ತಗಂಡು ಕಿಟಕಿ ಕಡೆ ಮಕ ಮಾಡ್ಕಂಡು ಕೂತ್ಲು. ನಾನು ಮಾಡಿದ್ದು ಒಳ್ಳೇದಾ ಕೆಟ್ಟದ್ದಾ? ದಿಬ್ಬಣದೋರ್ನ ಕೇಳಿದ್ರೆ ಪಾಲಯ್ಯ ದೇವರಂಥೋನು ಅಂತಾರೆ."

ಆಗ ನನಗೆ ಹೊಳೆಯಿತು. ಅಪ್ಪ ಯಾರಿಗಾದರೂ ಬಸ್ಸು ನಿಲ್ಲಿಸುವ ಮುನ್ನ ಒಳಗೆ ತಿರುಗಿ, "ಯಾರಿಗಾದ್ರೂ ಅರ್ಜೆಂಟ್ ಐತೇನ್ರಪ್ಪೋ?" ಅಂತ ಕೂಗುತ್ತಿದ್ದರು. ಚಿಕ್ಕಂದಿನಿಂದ ಅದನ್ನು ಕೇಳಿಕೊಂಡೇ ಬೆಳೆದಿದ್ದೆ. ಕಂಡಕ್ಟರುಗಳ ಗತ್ತು ಅಂದುಕೊಂಡಿದ್ದೆ.

"ಹಂಗಾದ್ರೆ ಆ ಪರೀಕ್ಷೆಯ ಹೆಂಗಸು ಮಾಡಿದ್ದೂ ಸರೀನಾ?" ಎಂದೆ.

"ಬಾಗ್ಲಾ ಹಾಕಿದ್ದು ತಪ್ಪಲ್ಲ. ನಿನ್ನ ಮಳೇಲಿ ನಿಲ್ಸಿದ್ದು ತಪ್ಪು. ನಿಮ್ ದೇಶ ಹಂಗೆ ಹಿಂಗೆ ಅಂದಿದ್ದು ತಪ್ಪು. ಎಲ್ಡೂ ಒಂದೇ ಮಾಡ್ಬ್ಯಾಡ. ಹೋಗಿ ಇದ್ದಿದ್ದು ಇದ್ದಂಗೆ ಹೇಳು."

ಎಂಟನೆಯ ತರಗತಿಗೆ ಶಾಲೆ ಬಿಟ್ಟ ನಮ್ಮಪ್ಪ, ನಾನು ಮೂರು ತಾಸಿನಿಂದ ಒಂದೇ ಮುದ್ದೆ ಮಾಡಿಕೊಂಡು ನುಂಗಲಾರದೆ ಕೂತಿದ್ದ ಅವಮಾನವನ್ನು ಟಿಕೆಟ್ ಹರಿದ ಹಾಗೆ ಎರಡು ತುಂಡು ಮಾಡಿ ಕೈಗಿಟ್ಟಿದ್ದರು. ಒಂದು ನಿಯಮ, ಇನ್ನೊಂದು ನಿರ್ದಯೆ. ಎರಡೂ ಒಂದೇ ಬಣ್ಣದ ಕೋಟು ಹಾಕಿಕೊಂಡು ಓಡಾಡುತ್ತವೆ, ಅದಕ್ಕೇ ಗುರುತು ಸಿಕ್ಕುವುದಿಲ್ಲ.

ಅರ್ಜಿಯಲ್ಲಿ "ಇತರೆ" ಎಂಬ ಮನೆಯಲ್ಲಿ ಬರೆದೆ. ನನಗೆ ಕಾಯಿಲೆ ಇರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಬದುಕಿದ್ದಾರೆ. ಬಸ್ಸು ತಪ್ಪಿತು, ಮೂರು ನಿಮಿಷ ತಡವಾಯಿತು. ಬಾಗಿಲು ತೆರೆಯದಿದ್ದುದರ ಬಗ್ಗೆ ನನ್ನ ದೂರಿಲ್ಲ. ಒದ್ದೆಯಾಗಿ ನಡುಗುತ್ತಿದ್ದವಳನ್ನು ಮತ್ತೆ ಮಳೆಗೆ ಕಳಿಸಿದ್ದರ ಬಗ್ಗೆ ಮತ್ತು ನನ್ನ ದೇಶದ ಬಗ್ಗೆ ಆಡಿದ ಮಾತಿನ ಬಗ್ಗೆ ದೂರು ಇದೆ. ಓದಿ ನೋಡಿದ ಗ್ರೇಸ್, "ಇದಕ್ಕಿಂತ ಅಜ್ಜಿಯನ್ನು ಸಾಯಿಸುವುದೇ ಸುಲಭವಿತ್ತು" ಎಂದಳು.

ಎರಡು ವಾರಕ್ಕೆ ಕರೆ ಬಂತು. ಉದ್ದನೆಯ ಮೇಜಿನ ಆ ಕಡೆ ಒಬ್ಬ ವಯಸ್ಸಾದ ಪ್ರೊಫೆಸರ್, ಪಕ್ಕದಲ್ಲಿ ಮಿಸೆಸ್ ಡಾಸನ್. ಪ್ರೊಫೆಸರ್ ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ದೇಶದ ಮಾತು ಬಂದಾಗ ಮಿಸೆಸ್ ಡಾಸನ್ ತಲೆ ಎತ್ತಿದರು.

"ನಾನು ಹಾಗೆಂದೆನೇ?"

ಅಲ್ಲಿ ಸಾಕ್ಷಿ ಯಾರೂ ಇರಲಿಲ್ಲ. ಅವರು ಇಲ್ಲವೆಂದರೆ ಮುಗಿಯಿತು, ನಾನು ಸುಳ್ಳಿ. "ಹೌದು ಮೇಡಂ, ಅಂದಿರಿ" ಎಂದೆ.

ಅವರು ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಕಿವಿಯವರೆಗೆ ಕೆಂಪಾದರು. ಆಮೇಲೆ ಪ್ರೊಫೆಸರ್ ಕಡೆ ತಿರುಗಿ, "ಹೌದು, ಅಂದಿದ್ದೇನೆ. ಬರೆದುಕೊಳ್ಳಿ" ಎಂದರು.

ಇವತ್ತಿಗೂ ನನಗೆ ಆ "ಬರೆದುಕೊಳ್ಳಿ" ಅನ್ನುವ ಮಾತಿನ ಮೇಲೆ ಗೌರವ. ನಮ್ಮ ಕಡೆಯಾಗಿದ್ದರೆ ನಾವು "ಅಯ್ಯೋ, ಏನೋ ಬಾಯ್ತಪ್ಪಿ ಬಂತು, ಮನಸ್ಸಿಗೆ ಹಚ್ಕಬ್ಯಾಡಮ್ಮ" ಅಂತ ಚಹಾ ತರಿಸಿ, ಇಬ್ಬರೂ ಒಂದಿಷ್ಟು ಅತ್ತು, ತಪ್ಪನ್ನು ಚಹಾದಲ್ಲಿ ಅದ್ದಿ ನುಂಗಿಬಿಡುತ್ತಿದ್ದೆವು. ಆಕೆ ತಮ್ಮ ವಿರುದ್ಧ ತಾವೇ ನಿಯಮ ಜಾರಿ ಮಾಡಿದರು.

ತೀರ್ಪು ಮೂರು ಸಾಲಿನ ಪತ್ರವಾಗಿ ಬಂತು. ಆಗಸ್ಟಿನಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು. ಎಷ್ಟೇ ಚೆನ್ನಾಗಿ ಮಾಡಿದರೂ ಪಾಸಾಗುವಷ್ಟು ಅಂಕ ಮಾತ್ರ ಸಿಗುತ್ತದೆ. ಕಾರಿಡಾರಿನ ಘಟನೆಗೆ ವಿಷಾದವಿದೆ. ಕೆಳಗೆ ಡಾಸನ್ನರ ಸಹಿ, ಅದೂ ಗೆರೆ ಎಳೆದಂತೆ ನೇರ. ನನ್ನ ಶ್ರೇಣಿ ಕೆಳಗಿಳಿದದ್ದು ಇಳಿದೇಹೋಯಿತು. ಊರಿಗೆ ವಾಪಸು ಹೋಗುವುದೊಂದು ತಪ್ಪಿತು.

ಆಗಸ್ಟಿನ ಆ ದಿನ ನಾನು ಯಾವ ಬಸ್ಸನ್ನೂ ನಂಬದೆ, ಬೆಳಗಾಗುತ್ತಿದ್ದಂತೆ ಎದ್ದು ನಡೆದೇ ಹೋದೆ. ಎಂಟು ಹತ್ತಕ್ಕೆ ಕಟ್ಟಡದ ಮುಂದೆ ನಿಂತಿದ್ದೆ. ಬಾಗಿಲಿಗೆ ಬೀಗ. ಬೇಸಿಗೆ ಅನ್ನುವುದು ಹೆಸರಿಗಷ್ಟೇ, ಆ ಊರಿನ ಮಳೆಗೆ ಪಂಚಾಂಗ ಗೊತ್ತಿಲ್ಲ. ನಾನು ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡೆ. ಅಷ್ಟರಲ್ಲಿ ಮಿಸೆಸ್ ಡಾಸನ್ ಬಂದರು. ಒಂದು ಕೈಯಲ್ಲಿ ಕಪ್ಪು ಛತ್ರಿ, ಇನ್ನೊಂದರಲ್ಲಿ ಬೀಗದ ಕೈಗಳ ಗೊಂಚಲು.

"ಬೇಗ ಬಂದಿದ್ದೀರಿ, ಮಿಸ್ ಪಾಲಯ್ಯ."

"ಹೌದು ಮೇಡಂ."

"ವಿದ್ಯಾರ್ಥಿಗಳಿಗೆ ಕಟ್ಟಡ ತೆರೆಯುವುದು ಎಂಟೂವರೆಗೆ."

"ಗೊತ್ತು ಮೇಡಂ. ನಾನು ಇಲ್ಲೇ ಇರುತ್ತೇನೆ."

ಅವರು ಬೀಗದ ಕೈಗಳನ್ನೊಮ್ಮೆ ನೋಡಿದರು, ಮಳೆಯನ್ನೊಮ್ಮೆ ನೋಡಿದರು. ಅವರು ಒಳಗೆ ಹೋಗಬಹುದಿತ್ತು, ಅವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಗೊಂಚಲನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಬಂದು ನನ್ನ ಪಕ್ಕದಲ್ಲಿ ನಿಂತರು. ಛತ್ರಿಯನ್ನು ಇಬ್ಬರ ಮೇಲೂ ಹಿಡಿದರು.

ಹಾಗೆ ನಾವಿಬ್ಬರೂ ಇಪ್ಪತ್ತು ನಿಮಿಷ ನಿಂತೆವು, ಮುಚ್ಚಿದ ಬಾಗಿಲ ಮುಂದೆ, ಅದರ ಬೀಗದ ಕೈ ನಮ್ಮ ಜೊತೆಯಲ್ಲೇ ಇಟ್ಟುಕೊಂಡು. ನಡುವೆ ಅವರು, "ನಿಮ್ಮ ಊರಿನಲ್ಲಿ ಮಳೆ ಬರುತ್ತದೆಯೇ?" ಎಂದರು. "ಬಂದರೆ ಯಾರೂ ಛತ್ರಿ ಹಿಡಿಯುವುದಿಲ್ಲ ಮೇಡಂ, ಹೊರಗೆ ಬಂದು ನೋಡುತ್ತಾರೆ" ಎಂದೆ. ಅವರಿಗೆ ಇದು ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದರು. ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದರು. ಬಸ್ಸಿನ ಕಂಡಕ್ಟರ್ ಅಂದೆ. "ಓಹ್," ಎಂದರು, "ಹಾಗಾದರೆ ಅವರಿಗೆ ತುಂಬ ಜವಾಬ್ದಾರಿ." ನನಗೆ ಕೋಳಿಗಳ ನೆನಪಾಗಿ ನಗು ಬಂತು. ತಡೆದುಕೊಂಡೆ.

ಗಾಜಿನ ಬಾಗಿಲಿನ ಮೂಲಕ ಒಳಗಿನ ಕಾರಿಡಾರ್ ಕಾಣುತ್ತಿತ್ತು. ಗೋಡೆಯ ಪಕ್ಕ ಮೂರು ಹೊಸ ಕುರ್ಚಿ, ಮೇಲೊಂದು ನೋಟಿಸು: ತಡವಾಗಿ ಬಂದವರು ಇಲ್ಲಿ ಕುಳಿತಿರಬಹುದು, ದಯವಿಟ್ಟು ಸದ್ದು ಮಾಡಬೇಡಿ.

"ಇದು ಮೊದಲು ಇರಲಿಲ್ಲ" ಎಂದೆ.

"ಇಲ್ಲ. ಸಮಿತಿಯ ಒಪ್ಪಿಗೆ ಬೇಕಿತ್ತು. ಮೂರು ಸಭೆ ಹಿಡಿಯಿತು" ಎಂದರು, ಎದುರು ನೋಡುತ್ತಲೇ.

ಎಂಟೂವರೆಯಾಯಿತು. ಛತ್ರಿ ಮಡಚಿ ಕೊಡವಿದರು, ಬೀಗ ತೆಗೆದರು. "ಈಗ ನೀವು ಒಳಗೆ ಬರಬಹುದು" ಎಂದು ಮತ್ತೆ ಪರೀಕ್ಷೆಯ ಅಧಿಕಾರಿಯಾದರು. ನಾನು ಸುರಕ್ಷತೆಯ ಸೂಚನೆಯನ್ನು ಮಂತ್ರದಂತೆ ಕೇಳಿ, ಪರೀಕ್ಷೆ ಮಾಡಿ, ಅವರು ಕೊಡಬಹುದಾದಷ್ಟು ಅಂಕ ಪಡೆದು ಪಾಸಾದೆ.

ಊರಿಗೆ ಬಂದ ಮೇಲೆ ಒಂದು ಸಂಜೆ, ಜಗುಲಿಯ ಮೇಲೆ ಕೂತು ಅಪ್ಪನಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. ಅವ್ವ ಒಳಗಿಂದಲೇ, "ಬೀಗ ಕೈಯಾಗಿಟ್ಕಂಡು ಮಳ್ಯಾಗೆ ನಿಂತ್ಲಾ? ತಲೆ ಸರಿ ಐತಾ ಆಕೀಗೆ?" ಅಂದಳು. ನನಗೂ ಆವರೆಗೆ ಅದು ತಮಾಷೆಯ ಕಥೆಯೇ ಆಗಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎರಡು ಸಲ ಹೇಳಿ ನಗಿಸಿಯೂ ಇದ್ದೆ. ಅಪ್ಪ ನಗಲಿಲ್ಲ.

"ಎಷ್ಟು ದೊಡ್ಡದಿತ್ತು ಛತ್ರಿ?" ಎಂದರು.

"ದೊಡ್ಡದೇನಲ್ಲ. ಒಬ್ಬರಿಗೆ ಸಾಕಾಗೋವಷ್ಟು."

"ಮತ್ತೆ ಯಾರ ಕಡೀಗೆ ವಾಲಿತ್ತು?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕಣ್ಣು ಮುಚ್ಚಿ ಆ ಬಾಗಿಲ ಮುಂದೆ ಮತ್ತೆ ನಿಂತೆ. ನನ್ನ ಭುಜ ನೆನೆದಿರಲಿಲ್ಲ, ತೋಳು ನೆನೆದಿರಲಿಲ್ಲ, ಹಾಲ್ ಟಿಕೆಟ್ಟೂ ನೆನೆದಿರಲಿಲ್ಲ. ಪರೀಕ್ಷೆಯ ಉದ್ದಕ್ಕೂ ಮೇಜುಗಳ ನಡುವೆ ಓಡಾಡುತ್ತಿದ್ದ ಮಿಸೆಸ್ ಡಾಸನ್ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ್ದರು. ಅದರ ಎಡ ತೋಳಿನಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

"ನನ್ನ ಕಡೀಗೆ" ಎಂದೆ.

"ಹಂಗಾರೆ ಒಳ್ಳೆ ಹೆಣ್ಮಗಳೇ ಬಿಡು" ಅಂದರು ಅಪ್ಪ.